ಕಡಲೆಕಾಳಿನಷ್ಟು ಲೋಹ

ಸರಸ್ವತೀಬಾಯಿ ಮೂರನೆಯ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ಟಪಾಲಿನ ಮಡಿವಾಳೆಪ್ಪನ ದನಿ ಕೇಳಿಸಿತು.

"ಮುಂಬೈದಿಂದ ರಿಜಿಸ್ಟರ್ ಬಂದೈತ್ರಿ! ಸಾಹೇಬ್ರ ಸಹಿ ಬೇಕ್ರಿ."

ಗಂಡ ಬಾಳಕೃಷ್ಣ ಕಟ್ಟೆಯ ಮೇಲೆಯೇ ಕುಳಿತಿದ್ದ, ಎರಡೂ ಕೈ ಶಾಲಿನೊಳಗೆ. "ಏ, ನೀನ ಬಂದು ಸಹಿ ಮಾಡು," ಎಂದು ಒಳಗೆ ಕೂಗಿದ.

ಹಂಚು ಇಳಿಸಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಹೊರಬಂದಳು.

"ಸಾಹೇಬ್ರು ಇಲ್ಲೇ ಕುಂತಾರ, ಬಾಯಾರು ಸಹಿ ಮಾಡ್ತಾರ! ಮುಂಬೈದಾಗ ಪೆನ್ನ ಹಿಡಿಯಾಕೂ ಆಳು ಇಟ್ಟಾರೇನ್ರಿ?" ಮಡಿವಾಳೆಪ್ಪ ನಕ್ಕ. ಬಾಳಕೃಷ್ಣನೂ ನಕ್ಕ, ಸ್ವಲ್ಪ ತಡವಾಗಿ.

ಹದಿನೇಳು ವರ್ಷದಿಂದ ಮುಂಬೈಯ ಪ್ರಯೋಗಾಲಯದಲ್ಲಿ ಅವನದು ಒಂದೇ ಕೆಲಸ. ಪರಮಾಣುವಿನ ಒಡಲು ಅರಿಯಲು ವಿಜ್ಞಾನಿಗಳು ಯಂತ್ರದಿಂದ ಕಣಗಳನ್ನು ಚಿಮ್ಮಿಸುತ್ತಾರಲ್ಲ, ಅವು ಬಂದು ತಾಗುವ ಲೋಹದ ಹಾಳೆಯನ್ನು ಅವನು ಮಾಡಿಕೊಡುತ್ತಿದ್ದ. ಉರುಳೆಗಳ ನಡುವೆ ನೂರಾರು ಸಲ ಹಾಯಿಸಿ, ಉಳ್ಳಾಗಡ್ಡಿಯ ಸಿಪ್ಪೆಗಿಂತ ತೆಳ್ಳಗೆ. ಚಿಮಟದಿಂದ ಎತ್ತಿ ಪುಟ್ಟ ಚೌಕಟ್ಟಿಗೆ ಕೂಡಿಸುವಾಗ ಉಸಿರು ಬಿಗಿಹಿಡಿಯಬೇಕು. ಉಸಿರು ತಾಗಿದರೂ ಹಾರಿಹೋಗುವಂಥದ್ದು.

ಸರಸ್ವತೀಬಾಯಿ ಒಡೆದು ಓದಿದ ಪತ್ರದಲ್ಲಿ ಆ ಕೆಲಸದ ಮಾತೇ ಇತ್ತು. ಮೂರು ವರ್ಷ ಕಾದ ಮೇಲೆ ಹೊರದೇಶದಿಂದ ಲೋಹ ಬಂದಿದೆ. ಇರುವುದು ಕಡಲೆಕಾಳಿನಷ್ಟು, ಕೆಟ್ಟರೆ ಮತ್ತೆ ಸಿಗುವುದಿಲ್ಲ. ನಿಮ್ಮ ಕೈಗೇ ಕೊಡುತ್ತೇವೆ, ಬೇಗ ಬನ್ನಿ.

ದೀಪಾವಳಿಯ ರಜೆಗೆಂದು ತನ್ನೂರು ಸಂಶಿಗೆ ಬಂದವನು ತಿಂಗಳಾದರೂ ಹೊರಟಿರಲಿಲ್ಲ. ಬಂದ ಎರಡನೆಯ ದಿನ ಚಹಾ ಅಂಗಿಯ ಮೇಲೆ ತುಳುಕಿತ್ತು. ಅಂದಿನಿಂದ ಸರಸ್ವತೀಬಾಯಿ ಲೋಟವನ್ನು ಅರ್ಧವಷ್ಟೇ ತುಂಬಿ ಎರಡು ಸಲ ಕೊಡುತ್ತಿದ್ದಳು. ಏನೂ ಕೇಳಿರಲಿಲ್ಲ. ಏಳು ವರ್ಷದ ಮಗಳು ಪಮ್ಮಿ ಬಾಯಿ ತೆರೆದಾಗಲೆಲ್ಲ ಅವಳನ್ನೂ ಕಣ್ಣಿನಲ್ಲೇ ಗದರಿಸುತ್ತಿದ್ದಳು. ಕೇಳದಿದ್ದರೆ ಅವನಿಗೆ ನೋವಾಗದು ಎಂದುಕೊಂಡಿದ್ದಳು.

"ಬರತೇನಂತ ಬರದಬಿಡು," ಎಂದ ಬಾಳಕೃಷ್ಣ. "ಸೋಮವಾರ ಹೊಂಡತೇನಿ."

"ನಾ ಬರೀಲ್ಯಾ? ಅವರಿಗೆ ನಿಮ್ಮ ಅಕ್ಷರದ ಗುರ್ತ ಅದರಿ."

"ನಿನ್ನ ಅಕ್ಷರ ಛಂದ ಅವ."

"ಇಷ್ಟ ವರ್ಷದಾಗ ಇವತ್ತ ಕಂಡ್ವೇನ್ರಿ?"

ಅವನು ನಗಲಿಲ್ಲ. "ಬರಿ ಅಂದ್ರ ಬರಿ! ಬ್ಯಾರೇದವರ ಕೈಯಾಗ ಕೊಟ್ರ ಹಾಳಿ ಹರದಬಿಡತಾರ ಅವರು. ಹರೀತು ಅಂದ್ರ ಮುಗೀತು."

ಹೇಳಿದ ಮಾತು ತನಗೇ ಕೇಳಿಸಿದಂತೆ ಕೈಗಳನ್ನು ಶಾಲಿನೊಳಗೆ ಇನ್ನಷ್ಟು ಸರಿಸಿಕೊಂಡ.

ಅವಳು ಕಾಗದ ತಂದು ತಾರೀಖು ಬರೆದಳು. ಮುಂದೆ ಪೆನ್ನು ಓಡಲಿಲ್ಲ.

ಒಳಗಿನಿಂದ ಬಂದ ಪಮ್ಮಿ ಅಪ್ಪನ ಎದುರು ಕುಕ್ಕರಗಾಲಲ್ಲಿ ಕುಳಿತು, ರೂಢಿಯಂತೆ ತಾಯಿಯ ಕಣ್ಣು ನೋಡಿದಳು. ಸರಸ್ವತೀಬಾಯಿ ಈ ಸಲ ಗದರಲಿಲ್ಲ. ಕಾಗದದತ್ತ ತಲೆ ತಗ್ಗಿಸಿದಳು.

ಪಮ್ಮಿ ಶಾಲಿನ ಅಂಚನ್ನು ಮೆಲ್ಲಗೆ ಸರಿಸಿ, ಅವನ ಬಲಗೈಯನ್ನು ತನ್ನೆರಡೂ ಅಂಗೈಯಲ್ಲಿ ಹಿಡಿದುಕೊಂಡಳು.

"ಅಪ್ಪಾ, ನಿನ್ನ ಕೈ ಹಿಂಗ್ಯಾಕ ನಡಗಲಿಕ್ಕತ್ತಾವ?"