ಹೆರಿಗೆ ಸೀನು

"ಮೊದಲನೇ ಪತ್ರಿಕೆ ದೇವರಿಗೆ ಡಾಕ್ಟ್ರೇ. ಎರಡನೇದು ನಿಮಗೆ," ಎಂದು ಅನಂತರಾಮು ಮೂಲೆಗಳಿಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ಮೇಜಿನ ಮೇಲಿಟ್ಟರು. ಜೇಬಿನಿಂದ ತೆಗೆದ ಅಕ್ಷತೆಯ ಪೊಟ್ಟಣ ಅಲ್ಲೇ ಬಿಚ್ಚಿಕೊಂಡು ನಾಲ್ಕು ಕಾಳು ಬಿಪಿ ಯಂತ್ರದ ಮೇಲೆ ಬಿದ್ದವು.

"ಮೂರನೇದು ಸೋದರಮಾವಂಗೆ," ಪಕ್ಕದ ಕುರ್ಚಿಯಲ್ಲಿದ್ದ ಮಗಳು ಇಂಚರ ಸೇರಿಸಿದಳು. "ಈ ರ‍್ಯಾಂಕಿಂಗ್ ಅವರಿಗೆ ಗೊತ್ತಾದ್ರೆ ಮಂಟಪದಲ್ಲೇ ಕ್ಲೈಮ್ಯಾಕ್ಸ್ ಫೈಟು."

ಡಾಕ್ಟರ್ ಸಂಜೀವಯ್ಯ ನಕ್ಕರು. ಹತ್ತು ವರ್ಷದಿಂದ ಈ ಹುಡುಗಿಯ ಬಾಯಿ ಅವರಿಗೆ ಗೊತ್ತು. ಹದಿನಾರನೇ ವಯಸ್ಸಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಅವಳ ಭುಜ ಎಗರಿ ಕೈಯಲ್ಲಿದ್ದ ಕಾಫಿ ಲೋಟ ಹಾರುತ್ತಿತ್ತು. ಬೇಕೆಂದೇ ಎಸೆಯುತ್ತಾಳೆಂದು ಮನೆಯವರು ಬೈದಿದ್ದರು. ಒಂದು ದಿನ ಬಚ್ಚಲಲ್ಲಿ ಬಿದ್ದು ಒದ್ದಾಡಿದಾಗಲೇ ಅದು ಮೂರ್ಛೆರೋಗವೆಂದು ತಿಳಿದದ್ದು. ಸಂಜೀವಯ್ಯ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಬರೆದುಕೊಟ್ಟರು. ಅಷ್ಟೇ. ಆಮೇಲೆ ಇಂಚರ ಒಮ್ಮೆಯೂ ಬೀಳಲಿಲ್ಲ. ಎಲ್‌ಐಸಿಯಿಂದ ನಿವೃತ್ತರಾದ ಅನಂತರಾಮು ಮನೆದೇವರ ಪಕ್ಕದ ಜಾಗವನ್ನು ಡಾಕ್ಟರಿಗೆ ಕೊಟ್ಟಿದ್ದು ಸುಮ್ಮನೆ ಅಲ್ಲ.

ಪತ್ರಿಕೆ ಓದುತ್ತಿದ್ದ ಡಾಕ್ಟರ ನಗು ಮುಹೂರ್ತದ ಸಾಲಿಗೆ ಬರುವಷ್ಟರಲ್ಲಿ ನಿಂತಿತು. ಅವರು ಫೈಲು ಹತ್ತಿರ ಎಳೆದುಕೊಂಡರು.

"ಮದುವೆ ಅಂದ್ಮೇಲೆ ಈ ಮಾತ್ರೆ ನಿಲ್ಲಿಸ್ಬೇಕಲ್ಲ."

"ಯಾಕೆ ಸಾರ್? ಮಾಂಗಲ್ಯಕ್ಕೂ ಮಾತ್ರೆಗೂ ಆಗಿಬರಲ್ವಾ?"

ಡಾಕ್ಟರು ಉತ್ತರ ಕೊಟ್ಟದ್ದು ಅಪ್ಪನಿಗೆ. "ನೋಡಿ ಅನಂತರಾಮು, ಈ ಮಾತ್ರೆ ತಗೊಳ್ತಾ ಬಸುರಿಯಾದ್ರೆ ಮಗುಗೆ ಅಪಾಯ. ಬೆನ್ನುಮೂಳೆ, ಬುದ್ಧಿ... ಅಂಥ ಮಕ್ಕಳನ್ನ ಈ ಕೈಯಲ್ಲಿ ಎತ್ಕೊಂಡಿದೀನಿ ನಾನು. ಬೇರೆ ಮಾತ್ರೆ ಇದೆ. ನಿಧಾನಕ್ಕೆ ಬದಲಾಯಿಸೋಣ."

"ಅದು ನಂಗೆ ಹಿಡಿಯುತ್ತಾ ಸಾರ್?"

"ಸುಮಾರು ಜನಕ್ಕೆ ಹಿಡಿಯುತ್ತೆ," ಎಂದು ಅವರು ಮತ್ತೆ ಅನಂತರಾಮುವಿನ ಕಡೆಗೇ ನೋಡಿದರು.

"ಸಾರ್, ಕ್ಯಾಮೆರಾ ಈ ಕಡೆ." ಇಂಚರ ಕೈ ಬೀಸಿದಳು. "ಪೇಷಂಟು ನಾನು. ನಂಗೂ ಮಯೂರ್‌ಗೂ ಮಾತಾಗಿದೆ. ನನ್ ಕಾಯಿಲೆನೂ ಅವನಿಗೆ ಗೊತ್ತು. ಐದು ವರ್ಷ ಮಕ್ಕಳು ಬೇಡ, ಆಮೇಲೂ ಬೇಕೇ ಬೇಕು ಅಂತೇನಿಲ್ಲ. ಆಗದೇ ಇರೋಕೆ ಏನ್ ಮಾಡ್ಬೇಕೋ ಹೇಳಿ, ಮಾಡ್ತೀನಿ. ಬರ್ಕೊಡು ಅಂದ್ರೆ ಛಾಪಾ ಕಾಗದದಲ್ಲಿ ಬರ್ಕೊಡ್ತೀನಿ."

ಅನಂತರಾಮುವಿನ ಮುಖ ಕೆಂಪಾಯಿತು. "ಶುಭಕಾರ್ಯದ ಪತ್ರಿಕೆ ಮುಂದಿಟ್ಕೊಂಡು ಎಂಥ ಮಾತು ಕಣಮ್ಮ ಅದು?" ಎಂದು ಮಗಳ ಕೈ ತಟ್ಟಿ ಸುಮ್ಮನಾಗಿಸಿದರು. "ನೀವು ಹೇಳಿದ ಹಾಗೇ ಆಗಲಿ ಡಾಕ್ಟ್ರೇ."

ಸಂಜೀವಯ್ಯ ಕೆಂಪು ಪೆನ್ನಿನಿಂದ ಫೈಲಿನಲ್ಲಿದ್ದ ಚೀಟಿಯಲ್ಲಿ ಹಳೆಯ ಮಾತ್ರೆಯ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದು, ಅದರ ಕೆಳಗೆ ಎರಡು ಸಲ ಗೀಟು ಹಾಕಿದರು. ಆಮೇಲೆ ತುಂಬು ಮನಸ್ಸಿನಿಂದ ಅವಳ ತಲೆಯ ಮೇಲೆ ಅಕ್ಷತೆ ಹಾಕಿದರು.

ಇಂಚರಳ ಕೆಲಸ ಬನಶಂಕರಿಯ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ. ಬೇರೆ ಭಾಷೆಯ ಧಾರಾವಾಹಿಗಳಿಗೆ ಅಲ್ಲಿ ಕನ್ನಡದ ಧ್ವನಿ ಕೂರಿಸುತ್ತಿದ್ದರು. ಅತ್ತೆಯ ಗದರು, ಸೊಸೆಯ ಬಿಕ್ಕು, ನಾಗಿಣಿಯ ಬುಸ್ಸು ಎಲ್ಲವೂ ಅವಳಿಗೆ ಬರುತ್ತಿದ್ದವು. ಹೆಸರು ಮಾಡಿದ್ದು ಮಾತ್ರ ಹೆರಿಗೆ ಸೀನಿನಲ್ಲಿ. ಮೈಕಿನ ಕಂಬವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಅವಳು ಕಿರುಚಿದರೆ ಗಾಜಿನಾಚೆ ಕೂತ ಎಂಜಿನಿಯರ್ ಕೂಡ ಬೆವರುತ್ತಿದ್ದ. ನಾಲ್ಕು ವರ್ಷದಲ್ಲಿ ಹನ್ನೊಂದು ಹೆರಿಗೆ. "ಇಂಚರ ಕೂಗಿದ್ರೆ ಸುಖಪ್ರಸವ ಗ್ಯಾರಂಟಿ," ಎನ್ನುತ್ತಿದ್ದರು ಸ್ಟುಡಿಯೋ ನಡೆಸುವ ವಿಮಲಾ.

ಜಯನಗರದ ಮನೆಯಲ್ಲೂ ಅವಳ ನಾಟಕ ನಿಲ್ಲುತ್ತಿರಲಿಲ್ಲ. ಪಾತ್ರೆ ತೊಳೆಯಲು ಕರೆದರೆ ಎದೆ ಹಿಡಿದುಕೊಂಡು ದಿವಾನಿನ ಮೇಲೆ ಕುಸಿಯುವಳು. "ಅಮ್ಮಾ... ಈ ಜನ್ಮದ ಕಾಲ್‌ಶೀಟು ಮುಗೀತು... ಸೋಪಿನಪುಡಿ ಮೇಲಿನ ಶೆಲ್ಫಲ್ಲಿದೆ..." ಎಂದು ಕತ್ತು ವಾಲಿಸುವಳು. ಅನಂತರಾಮು ಪೇಪರಿನಿಂದ ತಲೆಯೆತ್ತದೆ ಮೂರು ಸಲ ಚಪ್ಪಾಳೆ ತಟ್ಟಿ, "ಕಟ್! ಓವರ್ ಆಯ್ತು ಕಣೇ," ಎನ್ನಬೇಕು. ಆಗ ಮಾತ್ರ ಹೆಣ ಏಳುತ್ತಿತ್ತು.

ಹೊಸ ಮಾತ್ರೆಯ ಐದನೇ ವಾರ ಒಂದು ಬೆಳಿಗ್ಗೆ ಅವಳ ಕೈಯಿಂದ ಬಾಚಣಿಗೆ ಹಾರಿತು. ಮರುದಿನ ಹಲ್ಲುಜ್ಜುವ ಬ್ರಷ್ಷು. ಅಮ್ಮ ಚೂಡಾಮಣಿ ಮಗಳ ಲೋಟಕ್ಕೆ ಅರ್ಧ ಮಾತ್ರ ಕಾಫಿ ಬಗ್ಗಿಸತೊಡಗಿದರು. ಫೋನಿನಲ್ಲಿ ಡಾಕ್ಟರು, "ಮೈಗೆ ಒಗ್ಗೋಕೆ ಟೈಮ್ ಬೇಕು," ಎಂದರು.

ಟೈಮು ಇರಲಿಲ್ಲ. ಮದುವೆಗೆ ಎಂಟು ದಿನವಿದ್ದಾಗ ಮಯೂರನ ತಾಯಿ ಬಳೆಯ ಅಳತೆಗೆಂದು ಬೆಳಿಗ್ಗೆ ಎಂಟಕ್ಕೇ ಬಂದರು. ಇಂಚರ ಕಾಫಿಯ ತಟ್ಟೆ ಹಿಡಿದು ಒಳಗಿನಿಂದ ಬಂದಳು. "ಅತ್ತೆಯವರೇ, ಸಕ್ಕರೆ ಕಮ್ಮಿ, ಪ್ರೀತಿ ಜಾಸ್ತಿ," ಎನ್ನುವಷ್ಟರಲ್ಲಿ ಭುಜ ಎಗರಿತು. ಬಿಸಿ ಕಾಫಿ ಬೀಗಿತ್ತಿಯ ರೇಷ್ಮೆಸೀರೆಯ ಮೇಲೆ, ಅವಳು ನೆಲದ ಮೇಲೆ. ಎರಡು ನಿಮಿಷ. ನಾಲಿಗೆ ಹಲ್ಲಿಗೆ ಸಿಕ್ಕು ಅರ್ಧ ಇಂಚು ಸೀಳಿತ್ತು.

ಮಯೂರ್ ತನ್ನ ಮನೆಯಲ್ಲಿ ಅವಳ ಕಾಯಿಲೆಯ ವಿಷಯ ಹೇಳಿರಲಿಲ್ಲ. ಮೂರು ದಿನ ಫೋನು ಮಾಡಿದ. ನಾಲ್ಕನೇ ದಿನ ಉದ್ದದ ಮೆಸೇಜು ಕಳಿಸಿದ. ಅದರಲ್ಲಿ ಐದು ಕಡೆ ಸಾರಿ ಇತ್ತು.

ನಾಲಿಗೆಯ ಹೊಲಿಗೆ ಬಿಚ್ಚಿದ ಮೇಲೆ ಇಂಚರ ಸ್ಟುಡಿಯೋಗೆ ಹೋದಳು. ಮೈಕಿನ ಮುಂದೆ ನಿಂತು ಒಂದೇ ಸಾಲನ್ನು ಹದಿನಾಲ್ಕು ಸಲ ಹೇಳಿದಳು. 'ಸ' ಜಾರುತ್ತಿತ್ತು, 'ರ' ಹೊರಳುತ್ತಿರಲಿಲ್ಲ. ವಿಮಲಾ ಹೆಡ್‌ಫೋನು ತೆಗೆದು ಹೊರಗೆ ಬಂದರು. "ಒಂದೆರಡು ತಿಂಗ್ಳು ರೆಸ್ಟ್ ಮಾಡು ಪುಟ್ಟಾ. ನಿನ್ ಸೀರಿಯಲ್‌ಗೆ ಸದ್ಯಕ್ಕೆ ಬೇರೆ ಹುಡುಗಿ ಹಾಕ್ಕೋತೀನಿ. ಎಪಿಸೋಡು ಕಾಯಲ್ವಲ್ಲ."

"ಸದ್ಯಕ್ಕೆ," ಎಂದಳು ಇಂಚರ. ಆ ಪದದಲ್ಲೂ ಒಂದು 'ಸ' ಇತ್ತು.

ಮತ್ತೆ ಸಂಜೀವಯ್ಯನವರ ಕ್ಲಿನಿಕ್ಕು. ಈ ಸಲ ಅಕ್ಷತೆ ಇರಲಿಲ್ಲ.

"ಸಾರ್, ಮದ್ವೆ ಕ್ಯಾನ್ಸಲ್. ಬಸುರೂ ಕ್ಯಾನ್ಸಲ್. ನನ್ ಮಾತ್ರೆ ನಂಗೆ ವಾಪಸ್ ಕೊಡಿ."

"ಇಪ್ಪತ್ತಾರು ವಯಸ್ಸಮ್ಮ ನಿಂದು. ಇದು ಹೋದ್ರೆ ಇನ್ನೊಂದು ಸಂಬಂಧ ಬರುತ್ತೆ. ಹೊಸ ಮಾತ್ರೆದೇ ಡೋಸ್ ಜಾಸ್ತಿ ಮಾಡ್ತೀನಿ."

"ಬರೋದು ಬೇಡ ಸಾರ್."

"ಹಾಗೆಲ್ಲ ಯಾಕೆ ಅನ್ಕೋತೀಯ?" ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಆ ಮರುಕದ ಜೊತೆ ಜಗಳವಾಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ಆ ಮಗು ಇನ್ನೂ ಇಲ್ಲ ಸಾರ್. ನಾನಿದೀನಿ. ಇಲ್ಲೇ, ಈ ಕುರ್ಚಿ ಮೇಲೆ."

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಾಳೆ ಅಂಥ ಮಗು ಹುಟ್ಟಿದ್ರೆ ನೀನೇ ಬಂದು ಕೇಳ್ತೀಯ, ಯಾಕೆ ಕೊಟ್ರಿ ಅಂತ. ಆಗ ನಾನೇನ್ ಹೇಳ್ಲಿ?"

ಅವಳಲ್ಲಿ ಉತ್ತರವಿತ್ತು. ಸೀಳಿದ ನಾಲಿಗೆ ಅದನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಮುಂದಿನ ಪೇಷಂಟಿಗೆ ಬೆಲ್ಲು ಒತ್ತಿದ್ದರು.

ಅಪ್ಪ ಮಗಳು ಇನ್ನೂ ಇಬ್ಬರು ಡಾಕ್ಟರ ಹತ್ತಿರ ಹೋದರು. ಒಬ್ಬರು ಗಂಡನ ಸಹಿ ಕೇಳಿದರು. ಗಂಡ ಇಲ್ಲವೆಂದಾಗ ಮದುವೆಯಾದ ಮೇಲೆ ಬನ್ನಿ ಎಂದರು. ಇನ್ನೊಬ್ಬರು ನಲವತ್ತೈದು ದಾಟಿದ ಮೇಲೆ ನೋಡೋಣ ಎಂದರು. "ಇಂಟರ್ವಲ್ ಅಂದ್ರೆ ಇದು ಅಪ್ಪಾ," ಎಂದಳು ಇಂಚರ ಆಟೋದಲ್ಲಿ. "ಹತ್ತೊಂಬತ್ತು ವರ್ಷ."

ಅನಂತರಾಮು ಹಳೆಯ ಚೀಟಿಯನ್ನೇ ಹಿಡಿದು ಜೆಪಿ ನಗರದ ಮೆಡಿಕಲ್ ಶಾಪಿಗೆ ಹೋದರು. ಅಂಗಡಿಯ ದೀಪಕ್ ಅವರಿಗೆ ಹತ್ತು ವರ್ಷದ ಪರಿಚಯ. ಕೆಂಪು ಗೆರೆ, ಪಕ್ಕದ 'ಹೆರುವ ವಯಸ್ಸಿನವರಿಗೆ ಕೊಡಬಾರದು' ಎಂಬ ಇಂಗ್ಲಿಷ್ ಸಾಲು ನೋಡಿ ಚೀಟಿ ವಾಪಸ್ ಕೊಟ್ಟ.

"ಇದರ ಮೇಲೆ ಕೊಟ್ರೆ ನನ್ ಲೈಸೆನ್ಸ್ ಹೋಗುತ್ತೆ ಸಾರ್. ಒಂದ್ ಕೆಲ್ಸ ಮಾಡಿ, ನಿಮ್ ಹೆಸ್ರಲ್ಲಿ ಬರೆಸ್ಕೊಂಡ್ ಬನ್ನಿ. ಗಂಡಸ್ರಿಗೆ ಯಾರೂ ಏನೂ ಕೇಳಲ್ಲ." ತಮಾಷೆಗೆಂಬಂತೆ ನಕ್ಕ. ಅನಂತರಾಮುವೂ ನಕ್ಕರು, ಮನೆಗೆ ಬಂದು ತಮಾಷೆಯೆಂದೇ ಹೇಳಿದರು.

ಇಂಚರ ದಿವಾನಿನಿಂದ ಎದ್ದು ಕೂತಳು. ಎರಡು ತಿಂಗಳಿಂದ ಆರಿದ್ದ ಮುಖದಲ್ಲಿ ಹಳೆಯ ಕಿಡಿಗೇಡಿತನ ಹತ್ತಿಕೊಂಡಿತು. "ಅಪ್ಪಾ. ನಿಮಗೆ ಫಿಟ್ಸ್ ಬರಿಸೋಣ."

"ಅರವತ್ನಾಲ್ಕನೇ ವಯಸ್ಸಲ್ಲಿ ನಾಟಕಾನಾ?"

"ನಾಟಕ ಅಲ್ಲ, ಲಾಂಚಿಂಗು. ಹೊಸ ಪ್ರತಿಭೆ ಅನಂತರಾಮು!"

ಅವರು ಒಪ್ಪಿದ್ದು ಆ ಮುಖವನ್ನು ನೋಡಿ. ಹುಳಿಮಾವಿನ ಒಂದು ಕ್ಲಿನಿಕ್ಕಿನಲ್ಲಿ, ಯಾರೂ ಗುರುತಿಲ್ಲದ ಕಡೆ, ಗುರುವಾರಕ್ಕೆ ಟೋಕನ್ ಸಿಕ್ಕಿತು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಮುಗಿಸಿ ನಡುಮನೆಯಲ್ಲಿ ರಿಹರ್ಸಲ್ ಶುರುವಾಯಿತು. ಡಾಕ್ಟರು ಮಾಡಿ ತೋರಿಸಿ ಅಂದರೆ ಏನು ಗತಿ ಎಂಬುದು ನಿರ್ದೇಶಕಿಯ ಚಿಂತೆ. ಪಂಚೆ ಮೇಲೆ ಕಟ್ಟಿಕೊಂಡ ಅನಂತರಾಮು ಬಲಗೈಯನ್ನು ಗುಂಡಗೆ ಅಲ್ಲಾಡಿಸಿದರು.

"ಇದು ಫಿಟ್ಸಾ? ಮಂಗಳಾರತಿ ಎತ್ತೋ ಹಾಗಿದೆ!"

ಇನ್ನೊಮ್ಮೆ ಅಲ್ಲಾಡಿಸಿದರು.

"ಈಗ ಬಿಎಂಟಿಸಿ ಬಸ್ಸಿಗೆ ಕೈ ತೋರಿಸ್ತಿದೀರ. ಅಪ್ಪಾ, ಫೀಲ್ ಮಾಡ್ಕೊಳಿ!"

ಅಡುಗೆಮನೆಯ ಬಾಗಿಲಲ್ಲಿ ನಿಂತ ಚೂಡಾಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮಾತಿನ ತೊದಲನ್ನು ಮರೆತು ಇಂಚರ ನಡುಮನೆಯ ಮಧ್ಯೆ ಬಂದು ನಿಂತಳು. "ಸರಿಯಿರಿ, ನಾನ್ ತೋರಿಸ್ತೀನಿ. ಮೊದ್ಲು ಭುಜ. ನೋಡ್ಕೊಳಿ. ಆಮೇಲೆ..."

ಎರಡೂ ತೋಳು ಒಮ್ಮೆಲೇ ಮೇಲೆ ಹಾರಿದವು. ಗಂಟಲಿನಿಂದ ಒಂದು ಕೂಗು ಬಂತು, ಸ್ಟುಡಿಯೋದ ಕೂಗಿನಂಥದೇ. ದಿವಾನಿಗೂ ಟಿವಿ ಸ್ಟ್ಯಾಂಡಿಗೂ ನಡುವೆ ಅವಳು ದೊಪ್ಪನೆ ಬಿದ್ದಳು.

ಅನಂತರಾಮು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಲಗ್ನಪತ್ರಿಕೆ ಹಂಚಿದ ದಿನಗಳ ನಂತರ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. ಅವರು ಮೂರು ಸಲ ಚಪ್ಪಾಳೆ ತಟ್ಟಿದರು. "ಕಟ್! ಕಟ್! ಓವರ್ ಆಯ್ತು ಕಣೇ!"

ಅವಳ ಹಿಮ್ಮಡಿ ಟಿವಿ ಸ್ಟ್ಯಾಂಡಿಗೆ ಬಡಿಯುತ್ತಿತ್ತು. ಒಂದೇ ಲಯದಲ್ಲಿ, ಟಕ್ ಟಕ್ ಟಕ್.

"ಲೇ, ಕಟ್ ಅಂದೆನಲ್ಲೇ," ಎಂದು ಮತ್ತೂ ಒಂದು ಸಲ ಚಪ್ಪಾಳೆ ತಟ್ಟಿದರು.

ಬಾಯಿಯ ಅಂಚಿನ ಕೆಂಪನ್ನು ಮೊದಲು ಕಂಡದ್ದು ಚೂಡಾಮಣಿ.

ಗುರುವಾರ ಹುಳಿಮಾವಿಗೆ ಅನಂತರಾಮು ಒಬ್ಬರೇ ಹೋದರು. ಮುಂದೆ ಕೂತಿದ್ದ ಯುವ ವೈದ್ಯೆ ಹೆಸರು ಕೇಳಿದರು, ವಯಸ್ಸು ಕೇಳಿದರು, ಏನಾಗುತ್ತೆ ಅಂಕಲ್ ಎಂದರು.

"ಬೆಳಿಗ್ಗೆ ಹೊತ್ತು ಭುಜ ಎಗರುತ್ತೆ ಮೇಡಂ. ಕೈಯಲ್ಲಿರೋದು ಹಾರಿಹೋಗುತ್ತೆ." ಅವರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. "ಬಿದ್ದಾಗ ಹಿಮ್ಮಡಿ ಬಡ್ಕೊಳ್ಳುತ್ತೆ. ಟಕ್ ಟಕ್ ಅಂತ. ಪಕ್ಕದಲ್ಲಿರೋರಿಗೆ... ಪಕ್ಕದಲ್ಲಿರೋರಿಗೆ ತಮಾಷೆ ಅನ್ಸುತ್ತೆ." ಮಾಡಿ ತೋರಿಸಿ ಎಂದು ಯಾರೂ ಕೇಳಲಿಲ್ಲ. ಆದರೂ ಅವರ ಭುಜಗಳು ಅಲುಗುತ್ತಿದ್ದವು.

"ಹೆದರ್ಬೇಡಿ ಅಂಕಲ್, ಇದಕ್ಕೆ ಒಳ್ಳೇ ಮಾತ್ರೆ ಇದೆ," ಎಂದು ಆಕೆ ನೀರಿನ ಲೋಟ ಮುಂದಕ್ಕೆ ಸರಿಸಿ ಬರೆಯತೊಡಗಿದರು. ಸ್ಕ್ಯಾನು ಮುಂದಿನ ವಾರ ಮಾಡಿಸಿ ಎಂದರು. ಒಟ್ಟು ಆರು ನಿಮಿಷ.

ಸಂಜೆ ಅವರು ಅವಳ ಹಳೆಯ ಮಾತ್ರೆಯದೇ ಸ್ಟ್ರಿಪ್ಪನ್ನೂ ಚೀಟಿಯನ್ನೂ ದಿವಾನಿನ ಮೇಲಿಟ್ಟಾಗ ಇಂಚರ ಚೀಟಿಯನ್ನು ಬಿಡಿಸಿ ನೋಡಿದಳು. ಅನಂತರಾಮು, ೬೪, ಗಂಡು.

"ಏನ್ ಕೇಳಿದ್ರು?" ಎರಡನೇ ಸಲ ಸೀಳಿದ ನಾಲಿಗೆಯಿಂದ ಒಂದೊಂದೇ ಪದ, ತುಂಬಿದ ಲೋಟ ಇಳಿಸಿದಷ್ಟು ಜೋಪಾನವಾಗಿ ಬಂತು.

"ಹೆಸರು. ವಯಸ್ಸು."

"ಆಮೇಲೆ?"

"ಅಷ್ಟೇ ಕಣಮ್ಮ."

ಅವಳು ಏನಾದರೂ ಡೈಲಾಗು ಹೊಡೆಯುತ್ತಾಳೆಂದು ಅನಂತರಾಮು ಕಾದರು. ಅವಳು ಮಾತ್ರೆ ಬಾಯಿಗೆ ಹಾಕಿಕೊಂಡಳು. ಚೂಡಾಮಣಿ ಲೋಟದ ತಳ ಹಿಡಿದುಕೊಂಡು ನೀರು ಕುಡಿಸಿದರು.

ಏಳು ಗಂಟೆಗೆ ಎದುರುಮನೆಯ ಟಿವಿಯಲ್ಲಿ ಇಂಚರಳ ಧಾರಾವಾಹಿ ಶುರುವಾಯಿತು. ನಾಯಕಿಗೆ ದಿನ ತುಂಬಿತ್ತು. ಆಸ್ಪತ್ರೆಯ ಗಾಲಿಗಳ ಸದ್ದು, ಅತ್ತೆಯ ಪ್ರಾರ್ಥನೆ, ಆಮೇಲೆ ಕೂಗು. ಹೊಸ ಹುಡುಗಿಯ ದನಿ. ಚೆನ್ನಾಗಿಯೇ ಇತ್ತು. ಅನಂತರಾಮು ಕಿಟಕಿ ಮುಚ್ಚಲು ಎದ್ದರು.

"ಇರ್ಲಿ ಅಪ್ಪಾ."

ಅವಳು ಕಿಟಕಿಯ ಹತ್ತಿರ ಹೋಗಿ ಸರಳನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು, ಕಣ್ಣು ಮುಚ್ಚಿದಳು. ಎದುರುಮನೆಯ ನೀಲಿ ಬೆಳಕು ಅವಳ ಮುಖದ ಮೇಲೆ ಅಲುಗುತ್ತಿತ್ತು. ಪ್ರತಿ ಕೂಗಿಗೂ ಅವಳ ತುಟಿ ತೆರೆಯಿತು, ಸದ್ದಿಲ್ಲದೆ, ಕೂಗಿಗಿಂತ ಒಂದು ಚಣ ತಡವಾಗಿ.

ಎದುರುಮನೆಯ ಟಿವಿಯಲ್ಲಿ ಮಗು ಅತ್ತಿತು. ಯಾರೋ ಟಿವಿಯ ಸದ್ದು ಕಡಿಮೆ ಮಾಡಿದರು. ಅವಳು ಸರಳು ಬಿಡಲಿಲ್ಲ.