ಎಲ್ಲಾ ಸೊನ್ನೆ

"ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆ ಸರಿಯಾಗಿ ಬರ್ಲಿಲ್ಲ?" ಎಂದು ಸಿಸ್ಟರ್ ಕೇಳಿದಾಗ ಅಜ್ಜಿ ನಕ್ಕುಬಿಟ್ಟಳು.

"ಅಯ್ಯೋ, ದಿಂಬಿಗೆ ತಲೆ ಕೊಟ್ರೆ ಸಾಕು ಸಿಸ್ಟರ್. ಕಿವಿ ಪಕ್ಕ ಡೋಲು ಬಡಿದ್ರೂ ಎಚ್ಚರ ಆಗಲ್ಲ."

ಸಿಸ್ಟರ್ ಹಾಳೆಯಲ್ಲಿ ಸೊನ್ನೆ ಬರೆದುಕೊಂಡಳು. ಅವಳು ಸರ್ಕಾರಿ ಆರೋಗ್ಯ ಕೇಂದ್ರದವಳು. ಐವತ್ತರ ಆಸುಪಾಸಿನ, ಮೈಕೈ ತುಂಬಿದ ಹೆಂಗಸು. ವಸತಿ ಮಂಡಳಿಯ ಮನೆಗಳಲ್ಲಿ ಒಂಟಿಯಾಗಿರುವ ವಯಸ್ಸಾದವರ ಮನಸ್ಸು ಹೇಗಿದೆ ಎಂದು ಮನೆಮನೆಗೆ ಹೋಗಿ ವಿಚಾರಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಲಿಫ್ಟು ಕೆಟ್ಟು ನಾಲ್ಕು ತಿಂಗಳು. ಐದನೆಯ ಮಹಡಿ ಹತ್ತಿ ಬಂದವಳು ಎರಡು ಲೋಟ ನೀರು ಕುಡಿದ ಮೇಲೆಯೇ ಮೊದಲ ಪ್ರಶ್ನೆ ಕೇಳಲು ಬಾಯಿ ತೆರೆದದ್ದು.

ಅಜ್ಜಿ ಮೂವತ್ತೊಂದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಬ್ಲಾಕಿನವರ ಬಾಯಲ್ಲಿ ಅವಳು ಎಕ್ಸ್‌ಚೇಂಜಜ್ಜಿ. ಮನೆಯಲ್ಲಿ ಏನೇ ಆಗಿರಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತರೆ ದನಿಯಲ್ಲಿ ಅದರ ಸುಳಿವೂ ಇರಬಾರದು ಎಂದು ಕಲಿತು ಬಂದವಳು. ಆ ದನಿ ಇನ್ನೂ ಕೈಕೊಟ್ಟಿರಲಿಲ್ಲ. ಊಟ ಸೇರುತ್ತದೆಯೇ ಎಂದರೆ, "ಕಲ್ಲು ತಿಂದು ಕರಗಿಸ್ಕೋತೀನಿ" ಎಂದಳು. ಬೇಸರವೇ ಎಂದರೆ, "ಅದಕ್ಕೆ ಪುರುಸೊತ್ತೆಲ್ಲಿ?" ಎಂದಳು.

ಪುರುಸೊತ್ತು ಬಿಟ್ಟು ಆ ಮನೆಯಲ್ಲಿ ಬೇರೇನೂ ಇರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲೇ ಇಪ್ಪತ್ತೆರಡು ವರ್ಷ ಅಕ್ಕ ತಂಗಿ ಇಬ್ಬರೂ ಜಗಳವಾಡಿಕೊಂಡು ಇದ್ದರು. ತಂಗಿಗೆ ಪೇಪರನ್ನು ಟೆಂಡರ್ ಪ್ರಕಟಣೆಯವರೆಗೂ ಗಟ್ಟಿಯಾಗಿ ಓದುವ ಚಟ. "ಬಾಯಿ ಮುಚ್ಚೇ ಮಾರಾಯ್ತಿ" ಎಂದು ಇವಳು ದಿನಕ್ಕೆ ಹತ್ತು ಸಲ ಗದರುವಳು. ಒಂಬತ್ತು ತಿಂಗಳ ಹಿಂದೆ ಆ ಬಾಯಿ ಮುಚ್ಚಿತು. ಆಮೇಲೆ ಗದರಲು ಯಾರೂ ಇಲ್ಲದೆ, ಎಷ್ಟೋ ದಿನ ಅಜ್ಜಿ ಒಂದು ಮಾತೂ ಆಡದೆ ಮಲಗಿದ್ದುಂಟು. ಒಮ್ಮೆ ಯಾವುದೋ ರಾಂಗ್ ನಂಬರಿಗೆ "ಹಲೋ" ಎಂದಾಗ ಗಂಟಲಿನಿಂದ ಹೊರಟ ಕರ್ಕಶ ಸದ್ದು ಕೇಳಿ, ಇದು ಯಾರಪ್ಪಾ ಎಂದು ತಾನೇ ಬೆಚ್ಚಿದ್ದಳು.

"ಬೀರು ಬಾಲ್ಕನಿ ಬಾಗ್ಲಿಗೇ ಅಡ್ಡ ಇಟ್ಟಿದ್ದೀರಲ್ಲ, ಗಾಳಿ ಬೇಡ್ವಾ?" ಸಿಸ್ಟರ್ ಸುತ್ತ ನೋಡುತ್ತ ಕೇಳಿದಳು.

"ಪಾರಿವಾಳದ ಕಾಟ."

ಪಾರಿವಾಳಗಳು ಆ ಬದಿಗೆ ಬಂದದ್ದೇ ಇಲ್ಲ.

"ಒಂಬತ್ತನೇದು, ಕೊನೇದು. ಬೇಜಾರು ಮಾಡ್ಕೋಬೇಡಿ, ಎಲ್ಲರ್ನೂ ಕೇಳ್ತೀವಿ. ಇದ್ದು ಏನು ಪ್ರಯೋಜನ, ಹೋಗ್ಬಿಟ್ರೆ ಸಾಕು ಅಂತ ಯಾವತ್ತಾದ್ರೂ ಅನ್ಸಿದ್ಯಾ?"

"ನನಗಾ? ಯಮನೇ ಫೋನ್ ಮಾಡಿದ್ರೂ ಲೈನ್ ಬಿಜಿ ಅಂತೀನಿ!"

ಇಬ್ಬರೂ ನಕ್ಕರು. ಅಜ್ಜಿಗೆ ಗೆದ್ದಂತಾಯಿತು. ಎರಡನೆಯ ಮಹಡಿಯ ವಾಚ್‌ಮನ್ ಕಥೆ ಅವಳಿಗೆ ಗೊತ್ತಿತ್ತು. ಅವನು ಈ ಹಾಳೆಗೆ ಹೌದು ಹೌದು ಎಂದಿದ್ದಕ್ಕೆ ಹುಚ್ಚನೆಂದು ಬರೆದು ಎತ್ತಿಕೊಂಡು ಹೋದರಂತೆ. ತಿಂಗಳೊಳಗೆ ಅವನ ಮನೆ ಒಬ್ಬ ಬಡಗಿಯ ಪಾಲಾಯಿತು. ಇದ್ದೊಂದು ಸೂರನ್ನು ಬಾಯಿ ಬಿಟ್ಟು ಕಳೆದುಕೊಳ್ಳುವಷ್ಟು ದಡ್ಡಿಯಲ್ಲ ಅವಳು.

ಸಿಸ್ಟರ್ ಚೀಲ ಹೆಗಲಿಗೇರಿಸಿದಳು. "ಎಲ್ಲಾ ಸೊನ್ನೆ. ಈ ಬ್ಲಾಕಿಗೇ ಗಟ್ಟಿಗರು ನೀವು. ಪಟ್ಟಿಯಿಂದ ಹೆಸರು ತೆಗೀತೀನಿ, ಇನ್ಮೇಲೆ ನಿಮಗೆ ನಮ್ಮ ಕಾಟ ಇಲ್ಲ. ಬಂದ್ರೆ ಮುಂದಿನ ವರ್ಷವೇ."

ಬಾಗಿಲು ಮುಚ್ಚಿತು. ಸಿಸ್ಟರ್ ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಯಿತು. ಅಜ್ಜಿ ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಯವರೆಗೂ ಹೋದಳು, ತೊಳೆಯದೆ ಹಾಗೇ ನಿಂತಳು. ಮುಂದಿನ ವರ್ಷ. ಈ ಮಧ್ಯಾಹ್ನವನ್ನು ಹೇಗೆ ದಾಟುವುದೆಂದೇ ಅವಳಿಗೆ ತಿಳಿದಿರಲಿಲ್ಲ.

ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಬಂದಳು.

ಎರಡೂವರೆ ತಿಂಗಳಿಂದ ಅವಳು ಕೆಳಗಿಳಿದಿರಲಿಲ್ಲ. ಕಂಬಿ ಹಿಡಿದು ಒಂದು ಕಾಲು ಇಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದುಕೊಂಡು ಇಳಿದಳು. ನಾಲ್ಕನೆಯ ಮಹಡಿಯಲ್ಲಿ ಮಂಡಿ ಚುಳ್ಳೆಂದಿತು. ಮೂರರಲ್ಲಿ, ಇದೆಂಥ ಮಂಗತನ, ವಾಪಸ್ ಹೋಗೋಣ ಎನಿಸಿತು. ಆದರೆ ಹತ್ತುವುದಕ್ಕಿಂತ ಇಳಿಯುವುದೇ ಸುಲಭವಾಗಿತ್ತು. ಎರಡನೆಯ ಮಹಡಿಯಲ್ಲಿ ಸಿಸ್ಟರ್ ಬಡಗಿಯ ಬಾಗಿಲಲ್ಲಿ ನಿಂತು ಅವನ ಬಿಪಿ ಮಾತ್ರೆಯ ಚೀಟಿ ನೋಡುತ್ತಿದ್ದಳು.

"ಏನಜ್ಜಿ, ಏನಾದ್ರೂ ಬಿಟ್ಟು ಬಂದ್ನಾ?"

"ಇಲ್ಲ. ಅದು..." ಅಜ್ಜಿ ಬಡಗಿಯನ್ನು ನೋಡಿದಳು. ಮೂವತ್ತೊಂದು ವರ್ಷದ ದನಿ ಬರಲಿಲ್ಲ. "ಅಲ್ಲಿ ಬರ್ಕೊಂಡಿದ್ದೀರಲ್ಲ, ಅದೆಲ್ಲ ತಪ್ಪು."

"ಯಾವುದು?"

"ಎಲ್ಲಾ."

ಬಡಗಿ ಒಳಗೆ ಹೋಗಿ ಒಂದು ಸ್ಟೂಲು ತಂದಿಟ್ಟ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. ಅಜ್ಜಿ ಕೂತಳು. ಸಿಸ್ಟರ್ ಎದುರಿನ ಮೆಟ್ಟಿಲ ಮೇಲೆಯೇ ಕುಕ್ಕರಿಸಿದಳು.

"ಬೀರು ಇಟ್ಟಿದ್ದು ಪಾರಿವಾಳಕ್ಕಲ್ಲ" ಎಂದಳು ಅಜ್ಜಿ. "ಸಂಜೆ ಹೊತ್ತು ಬಾಲ್ಕನೀಲಿ ನಿಂತ್ರೆ ಕೆಳಗೇ ನೋಡ್ತಾ ಇರ್ತಿದ್ದೆ. ನನ್ ಮೇಲೆ ನನಗೇ ನಂಬಿಕೆ ಹೋಯ್ತು. ಒಂದು ದಿನ ಹೆಂಗೋ ಅದನ್ನ ತಳ್ಕೊಂಡು ಬಂದು ಅಡ್ಡ ಇಟ್ಟೆ. ಎರಡು ಗಂಟೆ ಬೇಕಾಯ್ತು."

ಸಿಸ್ಟರ್ ಬರೆಯಲಿಲ್ಲ. "ಒಬ್ಬರೇ ತಳ್ಳಿದ್ರಾ?"

"ಇನ್ಯಾರಿದ್ದಾರೆ? ಈಗ ನನ್ನ ಎಲ್ಲಿಗೆ ಹಾಕ್ತೀರಿ? ಆ ವಾಚ್‌ಮನ್‌ನ ಹಾಕಿದ ಕಡೆಗೇನಾ?"

"ಯಾರು ಹಾಕಿದ್ರಜ್ಜಿ? ಇಲ್ಲೇ ಮನೇಲೇ ಇದ್ದು ಎರಡು ತಿಂಗಳು ಮಾತ್ರೆ ತಗೊಂಡು ಚೇತರಿಸ್ಕೊಂಡ್ರು. ಆಮೇಲೆ ಅವರ ಮಗಳೇ ಬಂದು ತನ್ನ ಮನೆಗೆ ಕರ್ಕೊಂಡು ಹೋದ್ಲು. ಅವರ ಟ್ರಂಕ್ ಆಟೋವರೆಗೆ ಹೊತ್ತಿದ್ದು ನಾನೇ, ಸೊಂಟ ಇನ್ನೂ ನೋಯ್ತಿದೆ." ಸಿಸ್ಟರ್ ಅಜ್ಜಿಯ ಬರಿಗಾಲುಗಳನ್ನು ನೋಡಿದಳು. "ನಿಮ್ಮನೆ ನಿಮ್ಮದೇ. ಬೀರು ಸದ್ಯಕ್ಕೆ ಅಲ್ಲೇ ಇರ್ಲಿ. ಒಳ್ಳೇ ಕೆಲಸ ಮಾಡಿದ್ದೀರಿ."

ಒಳ್ಳೇ ಕೆಲಸ ಎಂಬ ಮಾತು ಕೇಳಿದ್ದೇ ಅಜ್ಜಿಗೆ ಅಳು ಬಂತು. ತಂಗಿಯ ಹೆಣದ ಮುಂದೆಯೂ ಬಾರದ ಅಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಿಸ್ಟರ್ ಸುಮ್ಮನಿರಿ ಎನ್ನಲಿಲ್ಲ. ಫೋನ್ ತೆಗೆದು ಡಾಕ್ಟರ ಹತ್ತಿರ ಮಾತಾಡಿ ನಾಳೆ ಬೆಳಿಗ್ಗೆಗೆ ಸಮಯ ಕೇಳಿದಳು, ಗಾಡಿಯೂ ಬೇಕೆಂದಳು.

"ಹತ್ತು ಗಂಟೆಗೆ ನಾನೇ ಬರ್ತೀನಿ. ಇವತ್ತು ರಾತ್ರಿ ಜೊತೆಗೆ ಯಾರಾದ್ರೂ ಬೇಕು. ಯಾರನ್ನ ಕೇಳೋಣ?"

ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡಳು. "ಎದುರು ಮನೆ ಟೀಚರ್ ಇದ್ದಾರೆ. ಮಾತು ಬಿಟ್ಟು ಒಂದು ವರ್ಷ ಆಯ್ತು."

"ಯಾಕೆ?"

"ಈಗ ನೆನಪಿಲ್ಲ."

"ಹಂಗಾದ್ರೆ ಕೇಳೋಕೆ ಸುಲಭ. ನಡೀರಿ."

ಒಬ್ಬರ ತೋಳು ಒಬ್ಬರು ಹಿಡಿದು ಹತ್ತತೊಡಗಿದರು. ಮೂರನೆಯ ಮಹಡಿಯ ತಿರುವಿನಲ್ಲಿ ಇಬ್ಬರಿಗೂ ಉಸಿರು ಸಾಲದೆ ಗೋಡೆಗೆ ಒರಗಿ ನಿಂತರು. ಕೆಳಗೆ ಯಾರೋ ನೀರಿನ ಮೋಟರ್ ಹಾಕಿದರು. ಗೋಡೆಗುಂಟ ಹೋಗಿದ್ದ ಪೈಪು ಒಮ್ಮೆ ನಡುಗಿತು. ಆಮೇಲೆ ನೀರು ಗೊರಗೊರ ಎನ್ನುತ್ತ ಅವರ ಬೆನ್ನ ಹಿಂದಿನಿಂದ ಹಾದು, ಮಹಡಿ ಮಹಡಿ ದಾಟಿ ಮೇಲಕ್ಕೇರತೊಡಗಿತು.