ಏಳನೇ ದಂಡೆಯ ಹಸಿರು

ನಾನು ಕೆಲಸ ಮಾಡುವುದು ಸಮುದ್ರದ ಮಾಹಿತಿ ಕೊಡುವ ಒಂದು ಜಾಲತಾಣದಲ್ಲಿ. ಕಡಲು ಬರಿದಾಗದ ಹಾಗೆ ದುಡಿಯುವುದು ಹೇಗೆ, ಮರಿಮೀನು ಬಿಟ್ಟುಬಿಡುವುದು ಯಾಕೆ, ಎಲ್ಲ ಅದರಲ್ಲಿದೆ, ಓದುವವರಿಲ್ಲ ಅಷ್ಟೇ. ಜನ ನೋಡುವುದು ಒಂದೇ ಪುಟ. ಕಪ್ಪೆಚಿಪ್ಪು ಹೆಕ್ಕುವ ಹನ್ನೆರಡು ದಂಡೆಗಳಿಗೆ ಅಲ್ಲಿ ಹನ್ನೆರಡು ಚೌಕಗಳಿವೆ. ಹಸಿರಿದ್ದರೆ ಹೆಕ್ಕಬಹುದು, ತಿನ್ನಬಹುದು. ಕೆಂಪಿದ್ದರೆ ನೀರಿನಲ್ಲಿ ವಿಷದ ಪಾಚಿ ಎದ್ದಿದೆ ಎಂದರ್ಥ. ಬೇಯಿಸಿದರೂ ಹೋಗದ ವಿಷ ಅದು.

ಪ್ರತಿ ಮಂಗಳವಾರ ಪ್ರಯೋಗಾಲಯದಿಂದ ವರದಿ ಬರಬೇಕು. ಬಾರದಿದ್ದರೆ ಚೌಕ ತಾನಾಗಿಯೇ ಬೂದುಬಣ್ಣಕ್ಕೆ ತಿರುಗುತ್ತದೆ. ಬೂದು ಕಂಡರೆ ನಮ್ಮ ಸಾಹೇಬರಿಗೆ ಮೈಯೆಲ್ಲ ಉರಿ.

"ಮೇಲಿನವರು ನೋಡಿದ್ರೆ ನಾವು ನಿದ್ದೆ ಮಾಡ್ತಿದ್ದೀವಿ ಅಂತಾರೆ. ಹೋದ ವಾರದ ಬಣ್ಣಾನೇ ಹಾಕಿ, ತಾರೀಖು ಬದಲಾಯಿಸಿ. ಸಮುದ್ರ ಏನು ಎದ್ದು ಓಡಿಹೋಗುತ್ತಾ?"

ಎಲ್ಲರೂ ನಕ್ಕಿದ್ದೆವು, ನಾನೂ. ಆಮೇಲೆ ಅದೇ ರೂಢಿಯಾಯಿತು.

ನನ್ನ ತಂಗಿ ಏಳನೇ ದಂಡೆಯಲ್ಲಿ ಚಿಪ್ಪು ಹೆಕ್ಕುತ್ತಿದ್ದಳು. ಅವಳಿಗಿಂತ ಮೊದಲು ಅಮ್ಮ. ಅಮ್ಮನ ಪರೀಕ್ಷೆ ಬೇರೆ: ಬೇಯಿಸಿದ ಒಂದು ತಿರುಳನ್ನು ತುಟಿಗೆ ಒತ್ತಿಕೊಂಡು ಅರ್ಧ ಗಂಟೆ ಸುಮ್ಮನೆ ಕೂರುವುದು, ತುಟಿ ಜುಮ್ಮೆಂದರೆ ಇಡೀ ಪಾತ್ರೆ ಚೆಲ್ಲುವುದು. ಹಸಿದ ಹೊಟ್ಟೆಯಲ್ಲಿ ನಾವಿಬ್ಬರೂ ಅವಳ ತುಟಿಯನ್ನೇ ನೋಡುತ್ತ ಕೂರುತ್ತಿದ್ದೆವು. ಅದು ನೆಚ್ಚುವಂಥ ಪರೀಕ್ಷೆಯಲ್ಲ, ಗೊತ್ತು. ಅದನ್ನು ಬಿಡಿಸಿದವಳು ನಾನೇ.

"ತುಟಿ ಕಾಲ ಮುಗೀತಮ್ಮ. ಈಗ ಬಣ್ಣ ನೋಡಿದ್ರೆ ಸಾಕು."

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ" ಎಂದು ಅಮ್ಮ ಗೊಣಗಿದಳು. ಆದರೂ ಮಗಳ ಕೆಲಸವೆಂದರೆ ಅವಳಿಗೆ ಹೆಮ್ಮೆ. ಬಿಟ್ಟಳು.

ಆ ಮಂಗಳವಾರಕ್ಕೆ ಪ್ರಯೋಗಾಲಯದ ಯಂತ್ರ ಕೆಟ್ಟು ಎರಡು ವಾರ. ಹತ್ತು ಗಂಟೆಗೆ ಹನ್ನೆರಡೂ ಚೌಕಗಳಿಗೆ ಹಸಿರು ಹಾಕಿ, ತಾರೀಖು ತಿದ್ದಿ, ಚಹಾಕ್ಕೆಂದು ಏಳುವಾಗ ತಂಗಿಯ ಫೋನು ಬಂತು.

"ಅಕ್ಕಾ, ನೀರು ಯಾಕೋ ಕಂದು ಕಂದಾಗಿದೆ. ಪುಟದಲ್ಲಿ ಹಸಿರಿದೆ. ನೀನೇ ಹಾಕಿದ್ದಾ?"

"ಹೂಂ, ನಾನೇ."

"ಹಾಗಾದ್ರೆ ಸರಿ ಬಿಡು."

ವರದಿ ಬಂದಿಲ್ಲ ಕಣೇ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಪಕ್ಕದಲ್ಲೇ ಸಾಹೇಬರು ನಿಂತಿದ್ದರು. ಹೇಳಲಿಲ್ಲ. ಅಂಥ ನಾಲಿಗೆ ಇದ್ದೇನು ಬಂತು?

ಮಧ್ಯಾಹ್ನ ಅಮ್ಮ ಇನ್ನೂ ಬಟ್ಟೆ ಒಗೆಯುತ್ತಿದ್ದಾಗಲೇ ತಂಗಿ ಹೆಕ್ಕಿ ತಂದ ಚಿಪ್ಪು ಬೇಯಿಸಿಕೊಂಡು ಊಟಕ್ಕೆ ಕೂತಳಂತೆ. ಸ್ವಲ್ಪ ಹೊತ್ತಿಗೆ ತುಟಿ ಮರಗಟ್ಟಿತು, ಆಮೇಲೆ ಬೆರಳು. ಲೋಟ ಹಿಡಿಯಲಾಗದೆ ಮೊದಮೊದಲು ನಕ್ಕಳಂತೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು. ಉಸಿರಾಟದ ಯಂತ್ರ ಹುಡುಕಿ ತರುವಷ್ಟರಲ್ಲಿ ಉಸಿರೂ ನಿಂತಿತು.

ಏನು ತಿಂದಿದ್ದಳು ಎಂದು ಡಾಕ್ಟರು ಕೇಳಿದರು. ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಚಿಪ್ಪಿನಿಂದ ಆಗಿರೋದಲ್ಲ ಡಾಕ್ಟ್ರೇ. ಪುಟದಲ್ಲಿ ಹಸಿರಿತ್ತು. ಇವಳ ಆಫೀಸಿಂದೇ."

ಬೇರೆ ದಂಡೆಗಳಲ್ಲಿ ಹೆಕ್ಕಿದವರು ಈಗ ಒಲೆ ಹಚ್ಚುತ್ತಿರುತ್ತಾರೆ ಎಂದು ಆಗ ಹೊಳೆಯಿತು. ಬೆಂಚಿನ ಮೇಲೆ ಕೂತು ಫೋನಿನಲ್ಲೇ ಪುಟ ತೆರೆದೆ. ಒಂದೊಂದೇ ಚೌಕ ಒತ್ತಿ ಕೆಂಪು ಮಾಡತೊಡಗಿದೆ. ನಡುವೆ ಸಾಹೇಬರ ಕರೆ ಬಂತು, ಕತ್ತರಿಸಿದೆ. ಅಮ್ಮ ನನ್ನ ತೋಳು ಬಿಡದೆ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಏಳನೆಯದೂ ಕೆಂಪಾಯಿತು.

"ಅದು ನೀನು ಒತ್ತಿದ್ರೆ ಬದಲಾಗುತ್ತಾ?"

"ಹೂಂ ಅಮ್ಮ."

"ಬೆಳಿಗ್ಗೆ ಯಾರನ್ನ ಕೇಳಿ ಒತ್ತಿದ್ದೆ?"

ವರದಿಯೇ ಬಂದಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ ಎಂದೆ. ಅಮ್ಮ ನನ್ನ ತೋಳು ಬಿಟ್ಟಳು. ಇನ್ನೂ ಐದು ಚೌಕ ಉಳಿದಿದ್ದವು.